‘ಹೆಸರು ಕೇಳಿಬಂದಿದೆ’ ಅಂದ್ರೆ ಏನು? ‘ಇಂಪ್ಲಿಕೇಟ್’ ಎಂಬ ಪದದ ಹಿಂದಿನ ಕಥೆ

 

ಇವತ್ತಿನ ಸಂಚಿಕೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಎರಡು ತಿಂಗಳ ಹಿಂದೆ ಒಂದು ಸಂಚಿಕೆಯಲ್ಲಿ ಸಹಕಾರ ಸಂಘವೊಂದರ ಸಾಲದ ಹಗರಣದ ಬಗ್ಗೆ ಮಾತಾಡಿದ್ದೆ. ನಾನು ಬಿ.ಕಾಂ. ಓದಿದವನು. ಲೆಕ್ಕ, ವೋಚರ್, ಆಡಿಟ್ ಅಂದ್ರೆ ಸ್ವಲ್ಪ ಹುರುಪು ಜಾಸ್ತಿ. ಇಂಗ್ಲಿಷ್ ಸುದ್ದಿಯೊಂದರಲ್ಲಿ ಅಲ್ಲಿನ ಗುಮಾಸ್ತರೊಬ್ಬರು ‘ಇಂಪ್ಲಿಕೇಟ್’ ಆಗಿದ್ದಾರೆ ಅಂತ ಇತ್ತು. ನಾನು ಅದನ್ನು ಕನ್ನಡಕ್ಕೆ ತರುವಾಗ ‘ಹಗರಣದಲ್ಲಿ ಭಾಗಿಯಾಗಿದ್ದ ಗುಮಾಸ್ತ’ ಅಂದುಬಿಟ್ಟೆ.

ಮರುದಿನ ಕೇಳುಗರೊಬ್ಬರ ಮೆಸೇಜ್ ಬಂತು. “ಅಣ್ಣಾ, ಅವರು ನಮ್ಮ ಬೀದಿಯವರು. ಇನ್ನೂ ಚಾರ್ಜ್‌ಶೀಟ್ ಕೂಡ ಆಗಿಲ್ಲ. ಭಾಗಿ ಅಂತ ನಿಮಗೆ ಯಾರು ಹೇಳಿದ್ರು?”

ಉತ್ತರ ಇರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೇ ಹೇಳಿದ್ದೆ. ಆ ಭಾಗವನ್ನು ಎಡಿಟ್ ಮಾಡಿ ತೆಗೆದೆ, ಕ್ಷಮೆಯನ್ನೂ ಕೇಳಿದೆ. ಆದ್ರೆ ಅಷ್ಟು ಹೊತ್ತಿಗೆ ಆ ತುಣುಕು ಎಷ್ಟು ವಾಟ್ಸಾಪ್ ಗ್ರೂಪ್ ಸುತ್ತಿತ್ತೋ. ಒಂದು ಕ್ರಿಯಾಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಒಬ್ಬ ಮನುಷ್ಯನ ಹೆಸರಿಗೆ ಮಸಿ ಬಳಿದಿದ್ದೆ. ಅದಕ್ಕೇ ಇವತ್ತು ಆ ಪದದ ಚರಿತ್ರೆ.

ಪ್ಲೈವುಡ್‌ನಿಂದ ಶುರು ಮಾಡೋಣ

ಪ್ಲೈವುಡ್ ನೋಡಿದ್ದೀರಲ್ಲ? ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಮರ. ಆ ‘ಪ್ಲೈ’ ಅಂದ್ರೆ ಪದರ, ಮಡಿಕೆ. ಇದರ ಮೂಲ ಲ್ಯಾಟಿನ್ ಭಾಷೆಯ ‘ಪ್ಲಿಕಾರೆ’. ಅರ್ಥ, ಮಡಚು. ಅದರ ಹಿಂದೆ ‘ಇನ್’ ಸೇರಿಸಿದ್ರೆ ‘ಇಂಪ್ಲಿಕಾರೆ’. ಒಳಗೆ ಮಡಚು, ಸುತ್ತಿಕೊಳ್ಳು, ಸಿಕ್ಕುಹಾಕು.

ಇದೇ ಮನೆತನದಲ್ಲಿ ಹುಟ್ಟಿದ ಪದಗಳನ್ನು ನಾವು ದಿನಾ ಬಳಸ್ತೀವಿ. ಡ್ಯೂಪ್ಲಿಕೇಟ್ ಅಂದ್ರೆ ಎರಡು ಮಡಿಕೆ. ಕಾಂಪ್ಲಿಕೇಟೆಡ್ ಅಂದ್ರೆ ಹಲವು ಮಡಿಕೆ ಒಟ್ಟಿಗೆ ಸುತ್ತಿಕೊಂಡಿರೋದು. ‘ಎಂಪ್ಲಾಯ್’ ಅನ್ನೋ ಪದವೂ ‘ಇಂಪ್ಲಿಕಾರೆ’ಯಿಂದಲೇ ಫ್ರೆಂಚ್ ದಾರಿ ಹಿಡಿದು ಇಂಗ್ಲಿಷ್‌ಗೆ ಬಂದದ್ದು. ಅಂದ್ರೆ ಎಂಪ್ಲಾಯಿ ಆಗೋದು, ಇಂಪ್ಲಿಕೇಟ್ ಆಗೋದು, ಎರಡೂ ಮೂಲದಲ್ಲಿ ಒಂದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಇದು ನನಗೆ ಅನುಭವಕ್ಕೆ ಬಂದಿತ್ತು, ಆ ಮಾತು ಬೇರೆ.

ಇಂಗ್ಲಿಷ್‌ಗೆ ‘ಇಂಪ್ಲಿಕೇಟ್’ ಬಂದದ್ದು 15ನೇ ಶತಮಾನದಲ್ಲಿ. ಆಗ ಅದಕ್ಕೆ ಪೊಲೀಸ್, ಕೋರ್ಟು, ಕೇಸಿನ ವಾಸನೆಯೇ ಇರಲಿಲ್ಲ. ಕಥೆಯೊಳಗೆ ಒಂದು ಸತ್ಯವನ್ನು ಮಡಚಿಡೋದು, ಬಳ್ಳಿ ಬಳ್ಳಿಗೆ ಹೆಣೆದುಕೊಳ್ಳೋದು, ಇಂಥ ಅರ್ಥಗಳಿದ್ದವು. ‘ಅಪರಾಧದಲ್ಲಿ ಒಬ್ಬರ ಹೆಸರನ್ನು ಸೇರಿಸು’ ಅನ್ನೋ ಅರ್ಥ ನೆಲೆಯಾದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ.

ಅರ್ಥ ಬದಲಾದರೂ ಆ ಹಳೇ ಚಿತ್ರ ಮಾತ್ರ ಉಳಿದುಕೊಂಡಿದೆ. ಬಳ್ಳಿ ಸುತ್ತಿಕೊಂಡಿದೆ. ಮರ ತಾನಾಗಿ ಕರೆಯಿತೋ, ಬಳ್ಳಿ ತಾನಾಗಿ ಹತ್ತಿತೋ, ಯಾರಾದರೂ ತಂದು ಸುತ್ತಿದರೋ, ಈ ಕ್ರಿಯಾಪದ ಅದನ್ನು ಹೇಳಲ್ಲ.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲವಾ?

ಇದೆ, ಬೇಕಾದಷ್ಟು ಇದೆ. ‘ಸಿಲುಕಿಸು’, ‘ತಗಲಿಹಾಕು’, ‘ತಳುಕು ಹಾಕು’. ನಮ್ಮ ಅಜ್ಜಿ ‘ಸುಮ್ನೆ ಅವನನ್ನ ಇದರಲ್ಲಿ ಸಿಕ್ಕಿಸ್ಬೇಡ’ ಅಂದಾಗ ಲ್ಯಾಟಿನ್ ಓದದೇ ‘ಇಂಪ್ಲಿಕಾರೆ’ಯನ್ನು ಸರಿಯಾಗಿ ಅನುವಾದ ಮಾಡಿದ್ದರು. ಸಿಕ್ಕು ಅಂದ್ರೆ ದಾರದ ಸಿಕ್ಕು, ಕೂದಲಿನ ಸಿಕ್ಕು. ಅದೇ ಚಿತ್ರ.

ಆದ್ರೆ ಸುದ್ದಿಯ ಕನ್ನಡದಲ್ಲಿ ಇನ್ನೊಂದು ಮಾತಿದೆ. ‘ಪ್ರಕರಣದಲ್ಲಿ ಇವರ ಹೆಸರು ಕೇಳಿಬಂದಿದೆ.’ ಇದನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಹೆಸರು ಕೇಳಿಬಂದಿದೆ. ಎಲ್ಲಿಂದ? ಯಾರ ಬಾಯಿಂದ? ಯಾವಾಗ? ಗಾಳಿಯಲ್ಲಿ ತೇಲಿ ಬಂತಾ? ಹೇಳಿದವರೇ ಇಲ್ಲದ ವಾಕ್ಯ ಅದು. ಇಂಗ್ಲಿಷ್‌ನಲ್ಲೂ ಹೀಗೇ. ‘ಇಂಥವರು ಇಂಪ್ಲಿಕೇಟ್ ಆಗಿದ್ದಾರೆ’ ಅಂತ ಕರ್ಮಣಿ ಪ್ರಯೋಗದಲ್ಲಿ ಬರೆದುಬಿಟ್ಟರೆ, ಮಾಡಿದ್ದು ಯಾರು ಅನ್ನೋದು ಮಾಯ.

ಈ ಪದದ ಬಳಕೆ ಅರ್ಥವಾಗೋಕೆ ಒಂದು ಸುಲಭ ಪರೀಕ್ಷೆ ಇದೆ. ‘ಸುಳ್ಳು’ ಅನ್ನೋದನ್ನು ಜೊತೆಗೆ ಸೇರಿಸಿ ನೋಡಿ. ‘ಸುಳ್ಳು ಕೇಸಿನಲ್ಲಿ ಸಿಲುಕಿಸಿದರು’ ಅಂದ್ರೆ ವಾಕ್ಯ ಸರಿಯಾಗಿ ನಿಲ್ಲುತ್ತೆ. ನಮ್ಮ ಕೋರ್ಟುಗಳಲ್ಲಿ ವಕೀಲರು ಹೆಚ್ಚುಕಮ್ಮಿ ದಿನಾ ಹೇಳೋ ಮಾತು ಅದು. ಈಗ ‘ಸುಳ್ಳಾಗಿ ಸಾಬೀತಾಯಿತು’ ಅಂತ ಹೇಳಿ ನೋಡಿ. ಎಡವುತ್ತೆ. ಸಾಬೀತಾಗಿದ್ದರೆ ಅದು ಸುಳ್ಳು ಹೇಗಾಗುತ್ತೆ? ಅಂದ್ರೆ ‘ಇಂಪ್ಲಿಕೇಟ್’ ಅನ್ನೋ ಪದದೊಳಗೆ ಸತ್ಯದ ಗ್ಯಾರಂಟಿ ಇಲ್ಲ. ಅದು ಸಂಬಂಧವನ್ನು ಸೂಚಿಸುತ್ತೆ, ತೀರ್ಪು ಕೊಡಲ್ಲ.

ಹಾಗಂತ ಈ ಪದ ಸದಾ ಸುಳ್ಳಿನ ಕಡೆ ಅಂತಲೂ ಅಲ್ಲ. ಒಂದು ಸಹಿ, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ಸಿಸಿಟಿವಿ ದೃಶ್ಯ ಒಬ್ಬರನ್ನು ಗಟ್ಟಿಯಾಗಿಯೇ ಇಂಪ್ಲಿಕೇಟ್ ಮಾಡಬಹುದು. ಅದೇ ರೀತಿ ಯಾರೋ ಸಿಟ್ಟಿನಲ್ಲಿ ಹೇಳಿದ ಒಂದು ಹೆಸರೂ ಮಾಡಬಹುದು. ಎರಡಕ್ಕೂ ಒಂದೇ ಕ್ರಿಯಾಪದ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ‘ಯಾವುದರ ಆಧಾರದ ಮೇಲೆ?’

ಕಾನೂನಿಗೆ ಇದು ಮೊದಲೇ ಗೊತ್ತಿತ್ತು

ಇಂಗ್ಲಿಷ್ ಭಾಷೆಯ ಜೊತೆ ಈ ಪದ ನಮ್ಮ ಕೋರ್ಟುಗಳಿಗೂ ಬಂತು. ಒಬ್ಬರ ಬಾಯಿಂದ ಇನ್ನೊಬ್ಬರ ಹೆಸರು ಹೊರಡಿಸೋದು ಎಷ್ಟು ಸುಲಭ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. 2024ರವರೆಗೆ ಜಾರಿಯಲ್ಲಿದ್ದ ಅದರ 25ನೇ ಸೆಕ್ಷನ್ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿರಲಿಲ್ಲ. ಬ್ರಿಟಿಷರೇ ತಮ್ಮ ಪೊಲೀಸರನ್ನು ನಂಬಿರಲಿಲ್ಲ ನೋಡಿ!

ಜೊತೆ ಆರೋಪಿ ನನ್ನ ಹೆಸರು ಹೇಳಿದ್ರೆ? ಅದೇ ಕಾಯ್ದೆಯ 30ನೇ ಸೆಕ್ಷನ್‌ನಲ್ಲಿ ಅಂಥ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ‘ಪರಿಗಣಿಸಬಹುದು’ ಅಂತಿತ್ತು, ಅಷ್ಟೇ. 1952ರಲ್ಲಿ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು. ಮೊದಲು ಆ ಹೇಳಿಕೆಯನ್ನು ಪಕ್ಕಕ್ಕಿಟ್ಟು ಬೇರೆ ಸಾಕ್ಷ್ಯ ನೋಡಿ. ಅದರಲ್ಲಿ ತಿರುಳಿದ್ದರೆ, ಆಮೇಲೆ ಇದು ಸ್ವಲ್ಪ ಬಲ ಕೊಡಬಹುದು. ಬರೀ ಇದರ ಮೇಲೆ ಶಿಕ್ಷೆ ಕಟ್ಟುವಂತಿಲ್ಲ.

ಅಲಿಪುರ ಬಾಂಬ್ ಪ್ರಕರಣ ಗೊತ್ತಿರಬಹುದು. 1908ರಲ್ಲಿ ಅರವಿಂದ ಘೋಷ್ ಸೇರಿ ಹಲವರ ಬಂಧನವಾಯಿತು. ಆರೋಪಿಗಳಲ್ಲೇ ಒಬ್ಬನಾದ ನರೇನ್ ಗೋಸಾಯಿಂ ಮಾಫಿ ಸಾಕ್ಷಿಯಾಗಿ ಬದಲಾಗಿ ಹೆಸರುಗಳನ್ನು ಹೇಳಿದ. ಆರೋಪಿಗಳ ಪರ ವಕೀಲರು ಅವನಿಗೆ ಪಾಟೀಸವಾಲು ಹಾಕೋ ಮೊದಲೇ, ಜೈಲಿನಲ್ಲೇ ಅವನ ಕೊಲೆಯಾಯಿತು. ಪಾಟೀಸವಾಲು ಎದುರಿಸದ ಆ ಹೇಳಿಕೆ ಕೋರ್ಟಿನಲ್ಲಿ ನಿಲ್ಲಲಿಲ್ಲ. 1909ರ ಮೇ ತಿಂಗಳಲ್ಲಿ ಅರವಿಂದರು ಖುಲಾಸೆಯಾದರು. ಹೆಸರು ಹೇಳಿದವನನ್ನು ಎದುರು ನಿಲ್ಲಿಸಿ ‘ನಿನಗೆ ಹೇಗೆ ಗೊತ್ತು?’ ಅಂತ ಕೇಳೋ ಅವಕಾಶ ಇರಬೇಕು. ವಸಾಹತು ಕಾಲದ ಕೋರ್ಟೂ ಇದನ್ನು ಒಪ್ಪಿತ್ತು.

ಸರಿ, ಕಾನೂನು ಇಷ್ಟು ಎಚ್ಚರವಾಗಿದೆಯಲ್ಲ, ಮತ್ತೇನು ತೊಂದರೆ? ತೊಂದರೆ ಏನಂದ್ರೆ, ಈ ಎಚ್ಚರ ಕೋರ್ಟಿನ ಬಾಗಿಲ ಒಳಗೆ ಮಾತ್ರ. ಹೊರಗೆ ಬೀದಿ ಇದೆ, ಪತ್ರಿಕೆ ಇದೆ, ಈಗ ಮೊಬೈಲ್ ಇದೆ. ಹೊರಗೆ ಏನಾಗುತ್ತೆ ಅನ್ನೋದಕ್ಕೆ ಸ್ವತಂತ್ರ ಭಾರತದ ಒಂದು ಕಥೆ ಸಾಕು.

1994, ತಿರುವನಂತಪುರ

1994ರ ಅಕ್ಟೋಬರ್ 15. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. ಅದರ ಎರಡನೇ ಹಂತದಲ್ಲಿ ಇದ್ದದ್ದು ‘ವಿಕಾಸ್’ ಎಂಜಿನ್. ಆ ಎಂಜಿನ್‌ಗಾಗಿ ದುಡಿದವರಲ್ಲಿ ಪ್ರಮುಖರು ನಂಬಿ ನಾರಾಯಣನ್. ಆ ಹೊತ್ತಿಗೆ ಅವರು ಕ್ರಯೋಜೆನಿಕ್ ಎಂಜಿನ್ ಯೋಜನೆಯ ಹೊಣೆ ಹೊತ್ತಿದ್ದರು.

ಅದಾದ ಐದೇ ದಿನಕ್ಕೆ, ಅಕ್ಟೋಬರ್ 20ಕ್ಕೆ, ತಿರುವನಂತಪುರದಲ್ಲಿ ಮಾಲ್ಡೀವ್ಸ್‌ನ ಒಬ್ಬ ಮಹಿಳೆಯ ಬಂಧನವಾಯಿತು. ಆರೋಪ, ವೀಸಾ ಅವಧಿ ಮುಗಿದ ಮೇಲೂ ಉಳಿದುಕೊಂಡಿದ್ದು. ಅಷ್ಟೇ. ಆಕೆ ಇದ್ದ ಹೋಟೆಲ್‌ನಿಂದ ಹೋದ ಫೋನ್ ಕರೆಗಳಲ್ಲಿ ಇಸ್ರೋ ವಿಜ್ಞಾನಿಯೊಬ್ಬರ ನಂಬರ್ ಇತ್ತು. ಅಲ್ಲಿಂದ ಬಳ್ಳಿ ಹಬ್ಬತೊಡಗಿತು.

ನವೆಂಬರ್‌ನಲ್ಲಿ ಆಕೆಯ ಪರಿಚಯದ ಇನ್ನೊಬ್ಬ ಮಾಲ್ಡೀವ್ಸ್ ಮಹಿಳೆಯ ಬಂಧನ. ಆಮೇಲೆ ಆ ವಿಜ್ಞಾನಿ. ನವೆಂಬರ್ 30ಕ್ಕೆ ನಂಬಿ ನಾರಾಯಣನ್. ಜೊತೆಗೆ ಇಬ್ಬರು ಬೆಂಗಳೂರಿನವರು. ಒಬ್ಬರು ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಇಲ್ಲಿನ ಪ್ರತಿನಿಧಿಯಾಗಿದ್ದವರು, ಇನ್ನೊಬ್ಬರು ಲೇಬರ್ ಕಾಂಟ್ರಾಕ್ಟರ್. ಇವರು ಹೇಗೆ ಸಿಕ್ಕಿಕೊಂಡರು? ಆ ಎರಡನೇ ಮಹಿಳೆ ತನ್ನ ಮಗಳನ್ನು ಬೆಂಗಳೂರಿನ ಶಾಲೆಗೆ ಸೇರಿಸಲು ಇವರ ನೆರವು ಪಡೆದಿದ್ದರು. ಒಂದು ಸ್ಕೂಲ್ ಅಡ್ಮಿಷನ್ಗೆ ಸಹಾಯ ಮಾಡಿದ್ದು ಗೂಢಚಾರಿಕೆಯ ಕೊಂಡಿಯಾಗಿ ಓದಿಸಿಕೊಂಡಿತು.

ಒಟ್ಟು ಆರು ಜನ. ಆರೋಪ, ರಾಕೆಟ್ ರಹಸ್ಯಗಳನ್ನು ಪಾಕಿಸ್ತಾನಕ್ಕೆ ಮಾರಿದ್ದು.

ಇದರ ಹಿನ್ನೆಲೆಯನ್ನು ನೋಡಿ. ಕ್ರಯೋಜೆನಿಕ್ ತಂತ್ರಜ್ಞಾನಕ್ಕಾಗಿ ಇಸ್ರೋ 1991ರಲ್ಲಿ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1992ರಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಎಂಜಿನ್ ಕೊಡ್ತೀನಿ, ತಂತ್ರಜ್ಞಾನ ಕೊಡಲ್ಲ ಅಂತ ಹಿಂದೆ ಸರಿಯಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಅಂದ್ರೆ 1994ರಲ್ಲಿ ಕದ್ದು ಮಾರೋದಕ್ಕೆ ಆ ತಂತ್ರಜ್ಞಾನ ನಮ್ಮ ಕೈಯಲ್ಲಿ ಪೂರ್ತಿಯಾಗಿ ಇರಲೇ ಇಲ್ಲ.

ಆದ್ರೆ ಆ ಪ್ರಶ್ನೆ ಕೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ವಿದೇಶಿ ಮಹಿಳೆ, ರಾಕೆಟ್, ಪಾಕಿಸ್ತಾನ. ಸುದ್ದಿ ತಾನಾಗೇ ಓಡಿತು. ಹೆಸರಿನ ಬಳ್ಳಿ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯ ತನಕ ಹಬ್ಬಿ, ಅವರನ್ನು ರಕ್ಷಿಸಿದ ಆರೋಪ ಮುಖ್ಯಮಂತ್ರಿ ಕೆ. ಕರುಣಾಕರನ್ ಅವರ ಮೇಲೆ ಬಂತು. ಪಕ್ಷದ ಒಳಜಗಳವೂ ಸೇರಿ 1995ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ವೀಸಾ ಕೇಸೊಂದು ಐದು ತಿಂಗಳಲ್ಲಿ ಸರ್ಕಾರದ ಬುಡವನ್ನೇ ಅಲ್ಲಾಡಿಸಿತ್ತು.

ನಂಬಿ ನಾರಾಯಣನ್ 50 ದಿನ ಬಂಧನದಲ್ಲಿದ್ದರು. ವಿಚಾರಣೆ ಮಾಡಿದವರು ತಮ್ಮನ್ನು ಹೊಡೆದರು, ಇಸ್ರೋದ ಹಿರಿಯರ ಹೆಸರುಗಳನ್ನೂ ಹೇಳುವಂತೆ ಒತ್ತಾಯಿಸಿದರು ಎಂದು ಅವರು ನಂತರ ಹೇಳಿದ್ದಾರೆ. ಅವರು ಹೇಳಲಿಲ್ಲ. ಇಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡಿ. ಒಂದು ಹೆಸರು ಹೇಳಿದ್ದರೆ ಹೊಡೆತ ನಿಲ್ಲುತ್ತಿತ್ತೇನೋ. ಬಳ್ಳಿ ಇನ್ನೊಬ್ಬರ ಮನೆ ಸೇರುತ್ತಿತ್ತು. ಹೆಸರುಗಳು ‘ಕೇಳಿಬರೋದು’ ಎಷ್ಟೋ ಸಲ ಹೀಗೆ.

ಸಿಕ್ಕು ಬಿಡಿಸೋಕೆ 24 ವರ್ಷ

1994ರ ಡಿಸೆಂಬರ್‌ನಲ್ಲಿ ಕೇಸು ಸಿಬಿಐಗೆ ಹೋಯಿತು. 1996ರಲ್ಲಿ ಸಿಬಿಐ, ಗೂಢಚಾರಿಕೆಯ ಆರೋಪ ಸುಳ್ಳು ಅಂತ ವರದಿ ಕೊಟ್ಟಿತು. ಕೋರ್ಟು ಅದನ್ನು ಒಪ್ಪಿ ಆರೂ ಜನರನ್ನು ಬಿಡುಗಡೆ ಮಾಡಿತು. ಅಲ್ಲಿಗೆ ಮುಗೀಬೇಕಿತ್ತು. ಕೇರಳ ಸರ್ಕಾರ ಮತ್ತೆ ತನಿಖೆಗೆ ಮುಂದಾಯಿತು. 1998ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾಲ್ಡೀವ್ಸ್‌ನ ಆ ಇಬ್ಬರು ಮಹಿಳೆಯರು ಅಷ್ಟರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದರು.

2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಅವರ ಬಂಧನವೇ ಅನಗತ್ಯವಾಗಿತ್ತು ಅಂತ ಹೇಳಿತು. 2019ರಲ್ಲಿ ಪದ್ಮಭೂಷಣ ಬಂತು. 2022ರಲ್ಲಿ ಮಾಧವನ್ ಅವರ ‘ರಾಕೆಟ್ರಿ’ ಸಿನಿಮಾ ಬಂತು. ನಿಮ್ಮಲ್ಲಿ ಬಹಳ ಜನ ನೋಡಿರ್ತೀರಾ.

ಆದ್ರೆ ನನ್ನ ತಲೆಯಲ್ಲಿ ಉಳಿದಿರೋದು ಬೆಂಗಳೂರಿನ ಆ ಇಬ್ಬರು. ಗ್ಲಾವ್‌ಕಾಸ್ಮೋಸ್ ಪ್ರತಿನಿಧಿಯಾಗಿದ್ದವರು ಆ ತೀರ್ಪಿಗಾಗಿ ಕಾದಿದ್ದರು. ತೀರ್ಪು ಬಂದ ದಿನ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಎರಡು ದಿನ ಬಿಟ್ಟು ತೀರಿಕೊಂಡರು. ತೀರ್ಪು ಏನಾಯಿತು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಅದೇ ನವೆಂಬರ್‌ನಲ್ಲಿ ಇನ್ನೊಬ್ಬರೂ ಕ್ಯಾನ್ಸರ್‌ನಿಂದ ತೀರಿಕೊಂಡರು. ಪದ್ಮಭೂಷಣ ಇಲ್ಲ, ಸಿನಿಮಾ ಇಲ್ಲ. ಅವರಿಬ್ಬರ ಹೆಸರು ಕೇಳಿಬಂದಿತ್ತು. ಆಮೇಲೆ ಅವರು ನಿರಪರಾಧಿಗಳು ಅನ್ನೋದು ಅಷ್ಟು ಜೋರಾಗಿ ಕೇಳಿಬರಲೇ ಇಲ್ಲ.

ಇನ್ನೊಂದು ಮಾತು. 2021ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಸಿಬಿಐ ತನಿಖೆ ನಡೆಸಿ, 2024ರಲ್ಲಿ ಆಗಿನ ಕೆಲವು ಪೊಲೀಸ್ ಮತ್ತು ಗುಪ್ತಚರ ಅಧಿಕಾರಿಗಳ ಮೇಲೆ ಚಾರ್ಜ್‌ಶೀಟ್ ಹಾಕಿತು. ಕೇಳಿದ ತಕ್ಷಣ ‘ಅವರೇ ಮಾಡಿದ್ದು’ ಅನ್ನೋಣ ಅನಿಸುತ್ತೆ. ತಡೀರಿ. ಚಾರ್ಜ್‌ಶೀಟ್ ಆದವರು ಆರೋಪಿಗಳು, ಅಪರಾಧಿಗಳಲ್ಲ. ಇಷ್ಟು ಹೊತ್ತು ಮಾತಾಡಿದ ನಿಯಮ ನಮಗೆ ಇಷ್ಟವಾದವರಿಗೆ ಮಾತ್ರ ಅನ್ವಯ ಆದ್ರೆ ಅದು ನಿಯಮವೇ ಅಲ್ಲ.

ಹೆಗಲು ಮುಟ್ಟಿ ನೋಡಿಕೊಂಡವನು

ನಮ್ಮಲ್ಲೊಂದು ಗಾದೆ ಇದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದ್ದವನ ಹೆಗಲ ಮೇಲೆ ಕಾಯಿಯ ಬೂದಿ ಇರುತ್ತೆ, ಹೆದರಿ ಮುಟ್ಟಿ ನೋಡಿಕೊಳ್ತಾನೆ, ಸಿಕ್ಕಿಬೀಳ್ತಾನೆ. ಚಿಕ್ಕಂದಿನಿಂದ ಈ ಗಾದೆಗೆ ನಕ್ಕಿದ್ದೀನಿ. ಈಗ ಸ್ವಲ್ಪ ಭಯ ಆಗುತ್ತೆ. ಸಂತೆಯ ಮಧ್ಯೆ ನಿಲ್ಲಿಸಿ ನೂರು ಜನ ನಮ್ಮ ಕಡೆ ನೋಡಿದ್ರೆ, ಕದಿಯದೇ ಇದ್ದವನೂ ಹೆಗಲು ಮುಟ್ಟಿ ನೋಡಿಕೊಳ್ತಾನೆ. ‘ಬೆಂಕಿ ಇಲ್ಲದೆ ಹೊಗೆ ಆಡುತ್ತಾ?’ ಅಂತಾರೆ. 1994ರಲ್ಲಿ ಆಡಿತ್ತು.

ಹಾಗಾದ್ರೆ ಮುಂದಿನ ಸಲ ‘ಇಂಪ್ಲಿಕೇಟ್’ ಅನ್ನೋ ಪದ ಕಂಡರೆ ಏನು ಮಾಡೋದು? ನಾನು ನನಗೇ ಹಾಕಿಕೊಂಡ ಕ್ರಮ ಇದು. ‘ಹೆಸರು ಕೇಳಿಬಂದಿದೆ’ ಅಂದ್ರೆ, ಹೇಳಿದವರು ಯಾರು ಅಂತ ಹುಡುಕ್ತೀನಿ. ಎಫ್‌ಐಆರ್‌ನಲ್ಲಿ ಹೆಸರಿದ್ದರೆ ‘ಆರೋಪ ಬಂದಿದೆ’ ಅಂತೀನಿ. ವಿಚಾರಣೆ ನಡೀತಿದ್ದರೆ ‘ಆರೋಪಿ’. ಕೋರ್ಟು ತೀರ್ಪು ಕೊಟ್ಟ ಮೇಲೆ ಮಾತ್ರ ‘ಅಪರಾಧಿ’. ‘ಭಾಗಿಯಾಗಿದ್ದಾರೆ’ ಅನ್ನೋದನ್ನು ಸಾಬೀತಾಗೋ ತನಕ ಮುಟ್ಟಲ್ಲ. ಆರೋಗ್ಯದ ಸುದ್ದಿಗೂ ಇದೇ ಎಚ್ಚರ ಬೇಕು. ಒಂದು ಜೀನ್ ಒಂದು ಕಾಯಿಲೆಯಲ್ಲಿ ‘ಇಂಪ್ಲಿಕೇಟ್’ ಆಗಿದೆ ಅಂದ್ರೆ ನಂಟು ಕಂಡಿದೆ ಅಂತ. ಅದೇ ಕಾರಣ ಅಂತ ಅಲ್ಲ.

ನಾನು ಹೇಳಿದ ಆ ಗುಮಾಸ್ತರ ವಿಷಯ? ಕೇಸು ಇನ್ನೂ ನಡೀತಿದೆ. ಅವರ ತಪ್ಪು ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೇಳೋ ಕೆಲಸ ನನ್ನದಲ್ಲ. ತೀರ್ಪು ಬಂದ ದಿನ ಅದು ಏನೇ ಇದ್ದರೂ, ತಪ್ಪು ಹೇಳಿದಷ್ಟೇ ಜೋರಾಗಿ ಇಲ್ಲಿ ಹೇಳ್ತೀನಿ. ಮೆಸೇಜ್ ಮಾಡಿದ ಆ ಕೇಳುಗರಿಗೆ ಮಾತು ಕೊಟ್ಟಿದ್ದೀನಿ, ಈಗ ನಿಮಗೂ ಕೊಡ್ತಾ ಇದ್ದೀನಿ.

ಮುಂದಿನ ವಾರ ಇನ್ನೊಂದು ಪದ, ಇನ್ನೊಂದು ಕಥೆ. ಅಲ್ಲಿಯವರೆಗೆ, ಯಾವುದಾದರೂ ಹೆಸರಿರೋ ಫಾರ್ವರ್ಡ್ ಬಂದರೆ ಕಳಿಸೋ ಮುಂಚೆ ಒಂದ್ಸಲ ಕೇಳಿ: ಹೇಳಿದ್ದು ಯಾರು? ಅವರಿಗೆ ಹೇಗೆ ಗೊತ್ತು? ಸಿಗೋಣ.